ಸದರಿ ಹೆಸರಿನವರೆಲ್ಲ ಒಬ್ಬರೇ

ಕೋಲಾರದ ಕೋರ್ಟಿನೆದುರು ಹೊಂಗೆಯ ಕೆಳಗೆ
ನನ್ನ ಮೇಜು, ನನ್ನ ಟೈಪ್‌ರೈಟರು.
ಛಾಪಾ ಕಾಗದ ಸೆರಗಲ್ಲಿ ಸುತ್ತಿಕೊಂಡು ಬಂದ ಅಜ್ಜಿ ಕೇಳಿದಳು:
"ಎಷ್ಟು ಹೆಸರು ಹಿಡಿಸುತ್ತಪ್ಪ ಇದರಲ್ಲಿ?"

ಪಿಂಚಣಿ ನಿಂತಿದೆ.
ದಾಖಲೆಗಳು ಒಂದಕ್ಕೊಂದು ಮಾತು ಬಿಟ್ಟಿವೆ.
ದೀಕ್ಷಾಸ್ನಾನದ ಚೀಟಿಯಲ್ಲಿ ಹನ್ನಾ,
ಮಿಷನ್ ಆಸ್ಪತ್ರೆಯ ಹಾಜರಿಯಲ್ಲಿ ಆನಿ,
ರೇಷನ್ ಕಾರ್ಡಿನಲ್ಲಿ ಅನ್ನಮ್ಮ,
ಮತದಾರರ ಪಟ್ಟಿಯಲ್ಲಿ, ಯಾವ ಪುಣ್ಯಾತ್ಮನ ಕೈಯೋ,
ಅಣ್ಣಯ್ಯ, ಲಿಂಗ: ಗಂಡು.

"ಎಲ್ಲಾ ನಾನೇ. ಹಂಗಂತ ಬರಿ."

ಆ ಹೆಸರು ಹುಟ್ಟಿದ್ದು ಗಂಟಲ ತಳದಲ್ಲಂತೆ, ಇಬ್ರಿಯರ ಗಂಟಲಲ್ಲಿ.
ಚರ್ಚಿನ ಉಪದೇಶಿ ಅವಳಿಗೆ ಹೇಳಿದ್ದು: ಮೂರೇ ಅಕ್ಷರ,
ಮೊದಲನೆಯದು ಅಕ್ಷರವೆಂದರೆ ಅಕ್ಷರ, ಉಸಿರೆಂದರೆ ಉಸಿರು,
ಕನ್ನಡಕದ ಗಾಜಿಗೆ ಊದಿ ಒರೆಸುತ್ತೇವಲ್ಲ, ಹಾಗೆ.
ಅರ್ಥ, ಕೃಪೆ.
ಗ್ರೀಕರ ಬಾಯಿಗೆ ದಾಟುವಾಗ ಉಸಿರು ದಾರಿಯಲ್ಲೇ ಬಿತ್ತು.
ಉಳಿದದ್ದು ಅನ್ನಾ.

ನನಗೆ ನಗು ಬಂತು. ನಮ್ಮ ಕಡೆಯೂ ಅಷ್ಟೇ ತಾನೆ?
ಹಾಲು ಆಲು, ಹಸು ಅಸು, ಹಳ್ಳಿ ಅಳ್ಳಿ.
ಮೇಷ್ಟ್ರು ಬೆತ್ತ ಹಿಡಿದು "ಹ ಅನ್ನೋ, ಹ" ಅಂದ ದಿನ
ಹೆದರಿ ಆನೆಯನ್ನು ಹಾನೆ, ಇಲಿಯನ್ನು ಹಿಲಿ ಮಾಡಿದ್ದೆ.
ಆ ಹಾಲಾದರೂ ಹಳಗನ್ನಡದಲ್ಲಿ ಪಾಲಾಗಿತ್ತು.
ಬಾಯಿಂದ ಬಾಯಿಗೆ ಸುರಿಯುವಾಗ ಒಂದಿಷ್ಟು ಚೆಲ್ಲುತ್ತದೆ,
ಯಾರೂ ಬಗ್ಗಿ ಬಳಿದುಕೊಳ್ಳುವುದಿಲ್ಲ.

"ಅಮೆರಿಕಾದ ಡಾಕ್ಟರಮ್ಮ ಆನಿ ಅಂದ್ರು.
ಕೊಟ್ಟಾಯಂ ನರ್ಸುಗಳು ಅನ್ನಮ್ಮೇ ಅಂದ್ರು, ಮೀನಿನ ಸಾರು ಕಲಿಸಿದ್ರು.
ಮುಳಬಾಗಿಲ ಕಡೆಯಿಂದ ಹೆರಿಗೆಗೆ ಬಂದೋರಿಗೆ
ತೆಲುಗಿನಲ್ಲೂ ಅನ್ನ ಅಂದ್ರೆ ಅನ್ನವೇ ಅಲ್ವಾ,
ಅನ್ನ ಇಕ್ಕೋ ತಾಯಿ ಅಂತ ಕೈ ಮುಗಿಯೋರು.
ಕ್ಲಾಕ್ ಟವರ್ ಹತ್ತಿರದ ಒಬ್ಬ ಬೀಬಿ, ಚೊಚ್ಚಲು,
ಸರಿ ರಾತ್ರಿ, ನೋವು ತಡೀಲಾರದೆ ನನ್ನ ಮಣಿಕಟ್ಟು ಹಿಡಿದು
ಹನ್ನಾ ಅಂದ್ಲು ನೋಡು,
ನಮ್ಮಪ್ಪ ಸತ್ತ ಮೇಲೆ ಹಂಗೆ ಯಾರೂ ಕರೆದಿರಲಿಲ್ಲ.
ಆಮೇಲೆ ಹೇಳಿದ್ಲು, ಮರಿಯಮರ ತಾಯಿ ಹೆಸರಂತೆ, ಅವರಲ್ಲೂ."

ಬಿಸಿಲು ಮೇಜಿನ ಮೇಲೆ ಬಂತು. ಕುರ್ಚಿ ಜರುಗಿಸಿದೆ.
ಮೊದಲನೆಯ ಹನ್ನಾಗೆ ಮಕ್ಕಳಿರಲಿಲ್ಲವಂತೆ.
ಗುಡಿಯ ಬಾಗಿಲಲ್ಲಿ ನಿಂತು ಬೇಡುವಾಗ ದನಿಯಿಲ್ಲ,
ತುಟಿ ಮಾತ್ರ ಆಡುತ್ತಿತ್ತು.
ಯಾಜಕ ನೋಡಿ, ಕುಡಿದಿದ್ದಾಳೆ ಅಂದ.
ಕಡೆಗೆ ಹುಟ್ಟಿದವನು ಸಮುವೇಲ.
"ಸಮುವೇಲ ಬಿನ್ ಎಲ್ಕಾನ," ಅಂದೆ, ಬಾಯಿ ಅಭ್ಯಾಸ.
ಮೂವತ್ತು ವರ್ಷ ಪಹಣಿಗೆ, ಪತ್ರಕ್ಕೆ ಹೊಡೆದಿದ್ದೇನೆ:
ಮುನಿವೆಂಕಟಪ್ಪ ಬಿನ್ ದೊಡ್ಡ ನಾರೆಪ್ಪ.
ಆ ಬಿನ್ನೂ ಅರಬರ ಮರಳಿನದು, ಇಬ್ರಿಯರ ಬೆನ್‌ಗೆ ತಮ್ಮ,
ನಮ್ಮ ರಾಗಿ ಹೊಲಗಳ ನಡುವೆ ಕೂತುಬಿಟ್ಟಿದೆ,
ಯಾರೂ ಯಾವೂರು ಅಂತ ಕೇಳದೆ.

"ನಿಮಗೆಷ್ಟು ಮಕ್ಕಳು?"
"ಮೂರು ಸಾವಿರದ ಚಿಲ್ಲರೆ. ನನ್ನ ಕೈಮೇಲೆ ಬಂದೋವು.
ಸ್ವಂತದ ಕಾಲಂ ಖಾಲಿ ಬಿಡು."

ಬಿಟ್ಟೆ. ಹೊಡೆಯತೊಡಗಿದೆ:
ಹನ್ನಾ ಕೋಂ ಲೇಟ್ ಸಮಾಧಾನಪ್ಪ ಆದ ನಾನು
ಪ್ರಮಾಣಪೂರ್ವಕವಾಗಿ ಹೇಳುವುದೇನೆಂದರೆ,
ಸದರಿ ಹೆಸರಿನವರೆಲ್ಲ ಒಬ್ಬರೇ, ಬೇರೆ ಬೇರೆ ಅಲ್ಲ.

ಎಳೆದು ನೋಡಿದರೆ ಮೊದಲ ಸಾಲಿನಲ್ಲಿ ಒಂದು ಸಂದು,
ಆಮೇಲೆ ಒಂದು ನ್ನಾ.
ನನ್ನ ಯಂತ್ರದಲ್ಲಿ ಹ ಸವೆದು ಎಷ್ಟೋ ಕಾಲವಾಯಿತು,
ರಿಪೇರಿಯವನೂ ತೀರಿಕೊಂಡ.
ಇಂಕ್ ಪೆನ್ನು ಅವಳ ಕೈಗೇ ಕೊಟ್ಟೆ.

ಬೆರಳು ನಡುಗುತ್ತಿತ್ತು. ದುಂಡಗೆ ಬರೆದಳು, ಒಂದೇ ಅಕ್ಷರ.
ಕಾಗದ ಮುಖದ ಹತ್ತಿರ ತಂದು
ಶಾಯಿ ಆರಲೆಂದು
ಊದಿದಳು.