ಹೊಟ್ಟೆಗೆ ಹಾಕಿಕೊಂಡದ್ದು

ಇದಕ್ಕೆ ದಿನಕ್ಕೆ ಇಪ್ಪತ್ತೆರಡು ಟನ್ ಮೇವು.
ಈಸ್ಟರಿಗೂ ರಜೆಯಿಲ್ಲ, ಕ್ರಿಸ್‌ಮಸ್ಸಿಗೂ ಇಲ್ಲ.
ಕರು ಹಾಕುವುದಿಲ್ಲ, ಅಂಬಾ ಎನ್ನುವುದಿಲ್ಲ,
ಬಾಲ ಬೀಸಿ ಮುಖಕ್ಕೆ ಹೊಡೆಯುವುದಿಲ್ಲ.
ಹಸಿರು ರಬ್ಬರಿನ ಗುಮ್ಮಟ ಹೊದ್ದು
ಮೂವತ್ತೊಂಬತ್ತು ಡಿಗ್ರಿ ಬೆಚ್ಚಗೆ
(ಹಸುವಿನ ಹೊಟ್ಟೆಯಷ್ಟೇ, ಸರಿಯಾಗಿ ಅಷ್ಟೇ)
ಹಗಲೂ ರಾತ್ರಿ ಒಳಗೊಳಗೇ ಕುದಿಯುತ್ತದೆ.
ಹಾಲಿನ ಬದಲು ಕರೆಂಟು ಕರೆಯುತ್ತೇವೆ.
ಊರಿನ ಶಾಲೆ, ಬೇಕರಿ, ಈಜುಕೊಳ
ಎಲ್ಲ ಇದರ ಬಿಸಿಯಲ್ಲೇ.

ಬರ್ಲಿನ್ನಿನವರು ಕಾನೂನು ಬರೆದ ವರ್ಷ
ನಮ್ಮ ಹಾಲು ಬಾಟಲಿ ನೀರಿಗಿಂತ ಅಗ್ಗ.
ಇಪ್ಪತ್ತು ವರ್ಷ ಒಂದೇ ದರ ಎಂದು
ಕಾಗದದಲ್ಲಿ ಬರೆದುಕೊಟ್ಟರು.
ಆಕಾಶ ನೋಡಿ, ಪೇಟೆ ನೋಡಿ ಬದುಕಿದವಳಿಗೆ
ಆ ಮಾತು ಏನೆಂದು
ತಿಂಗಳ ಸಂಬಳದವರಿಗೆ ಹೇಗೆ ಹೇಳಲಿ?
ನಾನು, ಫೋಲ್ಕೆ ಹಿನ್ರಿಕ್ಸ್,
ಅಂದು ಗಡಿಯಾರ ನೋಡದೆ ನಿದ್ದೆ ಹೋದೆ.

ಕಡಲ ಒಡ್ಡಿನ ಬುಡದ ಹದಿನಾಲ್ಕು ಹೆಕ್ಟೇರ್ ಹುಲ್ಲು
ಹಾಬೆನಾ ಅಜ್ಜಿಯದು. ಗೇಣಿಗೆ ಮಾಡುತ್ತಿದ್ದವನು
ಓಕೊ, ಮೂವತ್ತು ವರ್ಷದಿಂದ.
ಅವನು ಕೊಡುವುದರ ಎರಡರಷ್ಟು ಕೊಡುತ್ತೇನೆ ಅಂದೆ.
ಅಷ್ಟೇ. ಜಗಳವಿಲ್ಲ.
ಅಜ್ಜಿ ಚಹಾ ಬಗ್ಗಿಸಿದಳು.
ಬಟ್ಟಲಿನ ಕಲ್ಲುಸಕ್ಕರೆ ಚಿಟ್ಟೆಂದು ಸೀಳಿತು.
ಒಡೆದದ್ದು ಅದೊಂದೇ ಅಂದುಕೊಂಡೆ.

ಲೇರ್ ಪೇಟೆಯಲ್ಲಿ ಓಕೊನ ನಲವತ್ತೊಂದು ಹಸು
ಹರಾಜಾದವು.
ನಲವತ್ತೆರಡನೆಯದು ಒಕ್ಕಣ್ಣಿ, ಯಾರೂ ಕೂಗಲಿಲ್ಲ.
ಟಿಟ್ಟಿಭಗಳು ಒಂದು ವಸಂತ ಬಂದು
ಉತ್ತ ನೆಲದ ಮೇಲೆ ಸುತ್ತಿ ಸುತ್ತಿ
ಯಾರನ್ನೋ ಏನನ್ನೋ ಕೇಳಿದವು.
ಮರುವರ್ಷ ಬರಲಿಲ್ಲ.
ಆಗಸ್ಟ್ ಬಂದರೆ ಮೆಕ್ಕೆಜೋಳ ಒಂದೂವರೆ ಆಳೆತ್ತರ,
ಚರ್ಚಿನ ಗೋಪುರವೂ ಮುಳುಗುವಷ್ಟು.
ಒಂದು ಕಾಳೂ ಯಾರ ತಟ್ಟೆಗೂ ಬೀಳದ ಜೋಳ.

ಭೂಮಿ ಉಳಿಸುವ ಹೆಣ್ಣುಮಗಳು ಎಂದು
ಫೋಟೊ ಹಾಕಿದ ಪತ್ರಿಕೆಯೇ
ಐದು ವರ್ಷಕ್ಕೆ ಜೇನಿನ ವೈರಿ ಎಂದಿತು.
ಎರಡನ್ನೂ ಕತ್ತರಿಸಿ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೇನೆ.
ಎರಡೂ ನಿಜ.

ಆಮೇಲೊಂದು ಸಂಜೆ ಓಕೊ ಬಂದು
ಟೋಪಿ ತೆಗೆಯದೆ ಕೇಳಿದ:
ರಾತ್ರಿ ಪಾಳಿಗೆ ಆಳು ಬೇಕಂತೆ?

ಅಂದಿನಿಂದ ಅವನೇ ಮೇವು ಹಾಕುವವನು.
ಕಾಂಕ್ರೀಟು ಗೋಡೆಗೆ ಅಂಗೈಯಿಟ್ಟು
ಮೀಟರು ನೋಡುವ ಮೊದಲೇ ಹೇಳುತ್ತಾನೆ,
ಇವತ್ತು ಇದಕ್ಕೆ ಹಿತವಿಲ್ಲ.

ಜನವರಿಯ ಒಂದು ರಾತ್ರಿ ತೊಟ್ಟಿ ನೊರೆಯೆದ್ದು
ಗುಮ್ಮಟ ಬಿಗಿದು ನಿಂತಿತು. ಅಲಾರಮ್ಮು ಅರಚಿತು.
ಹ್ಯಾಂಬರ್ಗಿನ ಇಂಜಿನಿಯರು ಫೋನು ಎತ್ತಲಿಲ್ಲ.
ಓಕೊ ಸೈಕಲ್ಲಿನಲ್ಲಿ ಎರಡು ಡಬ್ಬ
ಸಾಸಿವೆಯಂಥ ರೇಪ್ ಎಣ್ಣೆ ತಂದು ಸುರಿದು
ಕೊಳವೆಗೆ ಕಿವಿಯಿಟ್ಟು ಕೂತ.
ಹೊಟ್ಟೆಯುಬ್ಬರ ಕಣೆ, ಅಂದ.
ಎಳೆ ಹುಲ್ಲು ಜಾಸ್ತಿ ತಿಂದರೆ ಹೀಗೇ.
ಬೆಳಗಿನ ಜಾವಕ್ಕೆ ಇಳಿಯಿತು.
ಅವನು ಗೋಡೆಗೆ ಎರಡು ಸಲ ತಟ್ಟಿದ,
ಹಸುವಿನ ಪಕ್ಕೆಗೆ ತಟ್ಟಿದಂತೆ.
ನಾನು ನೋಡಿದ್ದನ್ನು ಕಂಡು ಕೈ ಜೇಬಿಗಿಟ್ಟ.

ಈಗ ಇಪ್ಪತ್ತು ವರ್ಷ ಮುಗಿದಿದೆ.
ಇನ್ನು ದರ ಬೇಕೆಂದರೆ ಹರಾಜಿಗೆ ಬನ್ನಿ ಎಂದು
ಕಾಗದ ಬಂದಿದೆ.
ಓಕೊನ ಹಸುಗಳನ್ನು ಹೆಚ್ಚು ಕೂಗಿದವರು ಒಯ್ದರು,
ಇಲ್ಲಿ ಕಡಿಮೆ ಕೂಗಿದವರಿಗೇ ಉಳಿಗಾಲ.
ಎಷ್ಟು ಕಡಿಮೆ? ರಾತ್ರಿಯೆಲ್ಲ
ಅಡುಗೆಮನೆಯಲ್ಲಿ ಅಂಕಿ ಅಳಿಸಿ ಬರೆದೆ.
ಹಾಬೆನಾ ಅಜ್ಜಿ ತೀರಿಕೊಂಡಳು. ಅವಳ ಮೊಮ್ಮಗ
ಒಡ್ಡಿನ ಬುಡಕ್ಕೆ ಸೋಲಾರ್ ಕಂಪನಿಯನ್ನು
ಕರೆತಂದು ತೋರಿಸಿದನಂತೆ.
ನಾನು ಕೊಟ್ಟಿದ್ದರ ಮೂರರಷ್ಟು. ಜಗಳವಿಲ್ಲ.

ಆರು ಗಂಟೆಗೆ ಹೊರಬಂದೆ. ಮಂಜು.
ಓಕೊ ಲೋಡರಿನ ಮೇಲೆ ಕೂತಿದ್ದ.
ಇಷ್ಟು ವರ್ಷ ಬಾಯಿಗೆ ಬಾರದ್ದು ಬಂತು:
ಓಕೊ, ಆ ಹದಿನಾಲ್ಕು ಹೆಕ್ಟೇರು...
ಹೊಟ್ಟೆಗೆ ಹಾಕಿಕೋ.

ಇಂಜಿನ್ ಸದ್ದು. ಅವನು ಕಿವಿಗೆ ಕೈ ಹಿಡಿದು ಬಾಗಿದ.
ಹೊಟ್ಟೆಗಾ?
ಹಾಕಿ ಬರುತ್ತೇನೆ ತಡಿ, ಎಂದ.
ಮೊದಲು ಇದರದು ಆಗಲಿ.