ಮಾತು ಬರುವಷ್ಟು ವೇಗ

ನೂರ ನಲವತ್ತನಾಲ್ಕು, ಕೆಳಗೆ ತೊಂಬತ್ತೆರಡು.
ತೋಳಿನ ಪಟ್ಟಿ ಬಿಚ್ಚುತ್ತಾ ಡಾಕ್ಟರ್ ಫ್ಲೇವಿಯಾ
"ಸ್ವಲ್ಪ ಉಂಟು. ಹೆದರುವಷ್ಟಿಲ್ಲ,
ಮರೆಯುವಷ್ಟೂ ಇಲ್ಲ.
ಮಾತ್ರೆಯ ಮಾತು ಮೂರು ತಿಂಗಳು ಬಿಟ್ಟು ಆಡುವ.
ವ್ಯಾಯಾಮ ಮಾಡ್ತೀರಾ?" ಎಂದರು.

ನನಗೆ ನಗು ಬಂತು.
ಇಪ್ಪತ್ತಾರು ವರ್ಷದಿಂದ ಧಕ್ಕೆಯ ಐಸ್ ಪ್ಲಾಂಟಿನಲ್ಲಿ
ಕೊಕ್ಕೆ ಹಾಕಿ ಗಡ್ಡೆ ಎಳೆಯುವವನು,
ಅಂಗೈಯಲ್ಲಿ ಚಳಿ ಬೇರೂರಿದವನು,
ನನಗೆಂಥ ವ್ಯಾಯಾಮ ಮಾರಾಯ್ರೆ?

ಅವರು ನಗಲಿಲ್ಲ.
"ಎತ್ತುವಾಗ ಉಸಿರು ಎಲ್ಲಿರ್ತದೆ?"
ಯಾರೂ ಕೇಳಿರಲಿಲ್ಲ ಇದನ್ನು. ಯೋಚಿಸಿದೆ.
"ಹಲ್ಲಿನ ಹಿಂದೆ."
"ಅದೇ ಆಗಬಾರದ್ದು.
ಕಟ್ಟಿದ ಉಸಿರು ಒಳಗಿನ ಗೋಡೆಗೆ ಒದೆಯುತ್ತದೆ.
ಎತ್ತುವಾಗ ಬಿಡಿ, ಇಳಿಸುವಾಗ ತಗೊಳ್ಳಿ.
ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ.
ಮಾತಾಡಲು ಬರಬೇಕು, ಹಾಡಲು ಬರಬಾರದು,
ಅಷ್ಟು ವೇಗ."

ಮರುದಿನ ಬೋಳೂರಿನಿಂದ ಸುಲ್ತಾನ್ ಬತ್ತೇರಿಗೆ ಹೊರಟೆ.
ಹೊಳೆಯಲ್ಲಿ ದೀಪ ಆರಿಸದ ಎರಡು ದೋಣಿ,
ಗಾಳಿಯಲ್ಲಿ ಒಣ ಸಿಗಡಿ.
ವೇಗ ಸರಿಯೋ ತಪ್ಪೋ ನೋಡಬೇಕಲ್ಲ,
ಯಾರ ಹತ್ತಿರ ಮಾತಾಡುವುದು?
ಲೈಟುಕಂಬಕ್ಕೆ ಬಂಗುಡೆಯ ರೇಟು ಹೇಳಿದೆ.
ನಾಯಿಯೊಂದಕ್ಕೆ "ನಾನು ಲೋಕಯ್ಯ" ಎಂದೆ;
ಅದು ಎದ್ದು ದೂರ ಹೋಗಿ ಮಲಗಿತು.

ತಿರುವಿನಲ್ಲಿ ಪುತ್ತುಬಾವ.
ಪಕ್ಕದ ಮನೆ. ನಾಲ್ಕು ವರ್ಷದಿಂದ ಮಾತಿಲ್ಲ.
ಅವನ ಟಾಂಕಿಯ ಪೈಪು ನನ್ನ ಗೋಡೆಗೆ ಸೋರುತ್ತದೆ,
ಅದಕ್ಕೆ ನಾನೊಂದು ಅಂದೆ, ಅವನೆರಡು ಅಂದ,
ಆಮೇಲೆ ಇಬ್ಬರೂ ಉಸಿರು ಕಟ್ಟಿಕೊಂಡೆವು.
ಈಗ ನೋಡಿದರೆ ಅವನ ತುಟಿಯೂ ಅಲ್ಲಾಡುತ್ತಿದೆ,
ಯಾರೊಟ್ಟಿಗೂ ಅಲ್ಲ.
"ಫ್ಲೇವಿಯಾ?" ಎಂದೆ.
"ಹ್ಞೂಂ. ನೂರ ನಲವತ್ತಾರು."
ಎರಡು ಹೆಚ್ಚು.
ಸುಳ್ಳು ಹೇಳಬಾರದು, ಒಳಗೊಳಗೇ ಖುಷಿಯಾಯಿತು.

ಹಾಗೆ ಸುರುವಾಯಿತು.
ಮೊದಲ ಐದು ನಿಮಿಷ ದೋಣಿ ಹಗ್ಗ ಬಿಚ್ಚುವ ಹಾಗೆ,
ಕೊನೆಯ ಐದು ನಿಮಿಷ ಕಟ್ಟುವ ಹಾಗೆ,
ನಡುವೆ ಬಾಯಿ ತೆರೆದಿರಬೇಕು.
ಅವನ ಮೊಣಕಾಲು, ನನ್ನ ಅಳಿಯ,
ಇವಳು ಒಣಮೀನಿನ ಡಬ್ಬಿ ಅಟ್ಟಕ್ಕೆ ಹಾಕಿದ್ದು,
ಅವನ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಪಹರೆ ಕೂತದ್ದು.
ಪೈಪಿನ ಸುದ್ದಿ ಮಾತ್ರ ಇಲ್ಲ.
ಹೊಂಡ ಕಂಡ ಹಾಗೆ ಇಬ್ಬರೂ ಅದರ ಬದಿಯಲ್ಲಿ ದಾಟುತ್ತೇವೆ.

ಒಂದು ದಿನ ಅವನನ್ನು ಹಿಂದೆ ಹಾಕಬೇಕೆನಿಸಿತು ನನಗೆ.
ಐವತ್ತಮೂರರ ಹುಚ್ಚು.
ಮಾತು ತುಂಡಾಯಿತು, ತುಂಡಿನ ತುದಿ ಗಂಟಲಲ್ಲಿ ಸಿಕ್ಕಿತು,
ರಸ್ತೆ ಸ್ವಲ್ಪ ವಾಲಿತು.
ಮೊಣಕೈ ಹಿಡಿದು ಕಟ್ಟೆಗೆ ಕೂರಿಸಿದ.
"ಸಾವಕಾಶ ಲೋಕಯ್ಯ.
ಹೋಗುವುದು ಫೆರಿ. ನಾವಲ್ಲ."
ಎದೆ ಬಿಗಿದರೆ, ತಲೆ ತಿರುಗಿದರೆ ನಿಲ್ಲಿ, ನಾಚಬೇಡಿ
ಎಂದಿದ್ದರು ಡಾಕ್ಟರು. ಅವತ್ತೇ ಹೋಗಿ ತೋರಿಸಿ ಬಂದೆ,
ಬೈಸಿಕೊಂಡೂ ಬಂದೆ.

ಪ್ಲಾಂಟಿನಲ್ಲಿ ಈಗ ಗಡ್ಡೆ ಎತ್ತುವಾಗ
ಹೂಂ ಅಂತ ಉಸಿರು ಬಿಡುತ್ತೇನೆ.
ಆ ಚಳಿಗೆ ಬೆಳ್ಳಗೆ ಹೊಗೆ ಏಳುತ್ತದೆ.
"ಅಣ್ಣನ ಸೈಲೆನ್ಸರ್ ಒಡೆದಿದೆ," ಎನ್ನುತ್ತಾರೆ ಹುಡುಗರು.
ನಗಲಿ. ಅವರ ಉಸಿರೂ ಹಲ್ಲಿನ ಹಿಂದೆಯೇ ಉಂಟು,
ನಾನು ನೋಡಿದ್ದೇನೆ.

ಮೂರನೇ ತಿಂಗಳು ನೂರ ಮೂವತ್ತಾರು, ಎಂಬತ್ತಾರು.
"ಇನ್ನೂ ನಡೆಯಿರಿ," ಎಂದರು. ಬೇರೆ ಹೊಗಳಿಕೆ ಇಲ್ಲ.
ಜೆಟ್ಟಿಯ ಮೆಟ್ಟಿಲಲ್ಲಿ ಕೂತು ಬೆವರು ಆರಿಸುವಾಗ
ಪುತ್ತುಬಾವ ಹೊಳೆಗೆ ಹೇಳಿದ, ನನಗಲ್ಲ:
"ಆ ಪೈಪಿಗೂ ಪ್ರೆಶರ್ ಜಾಸ್ತಿ.
ವಾಲ್ವ್ ಸ್ವಲ್ಪ ತಿರುಗಿಸಿದ್ದೇನೆ."

ರಾತ್ರಿ ಗೋಡೆಗೆ ಕಿವಿಯಿಟ್ಟೆ.
ಸೋರುತ್ತಲೇ ಉಂಟು.
ಆದರೆ ನಿಧಾನ.
ಒಂದು ಹನಿ, ಆಮೇಲೆ ಇನ್ನೊಂದು.
ನಡುವೆ ಒಂದು ಮಾತು ಹಿಡಿಯುವಷ್ಟು ಜಾಗ.