ಜಾಲರಿಯ ಆಚೆ ಬದಿ

ಇಂದೂ ಯಾರೂ ಬರಲಿಲ್ಲ ಪಾಪ ಹೇಳಿಕೊಳ್ಳಲು.
ಮಾಜಾಳಿಯ ದೋಣಿಗಳೆಲ್ಲ ಬಂಗಡೆಯ ಹಿಂದೆ.
ಹನ್ನೊಂದು ವರ್ಷ ಈ ಪೆಟ್ಟಿಗೆಯಲ್ಲಿ ಕೂತು
ಕಿವಿ ಮಾತ್ರ ಉಳಿದಿದೆ ನನಗೆ;
ಪ್ರಾರ್ಥನೆ, ಬಾಯಿಪಾಠ.

ರಾತ್ರಿ ಒಂದೇ ತಟ್ಟೆ ತೊಳೆದಿಟ್ಟು
ಕರೆಂಟು ಹೋದ ಇಗರ್ಜಿಗೆ ಬಂದವನು
ಯಾಕೋ ಆಚೆ ಬದಿಗೆ ಹೋಗಿ ಮೊಣಕಾಲೂರಿದೆ.

ಹಲಗೆ ಎರಡು ಕಡೆ ತಗ್ಗಾಗಿತ್ತು.
ಎಷ್ಟು ಜನ ಸವೆಸಿದ್ದಾರೆ ಇದನ್ನು!
ನನ್ನ ಮೊಣಕಾಲೂ ಅಲ್ಲೇ ಕೂತವು.
ಜಾಲರಿಗಂಟಿದ ಮೀನಿನ ಹುರುಪೆಯೊಂದು
ಮೇಣಬತ್ತಿಗೆ ಮಿನುಗಿತು,
ಕಾರ್ಮೆಲಿನ್ ಬಾಯಿಯದಿರಬೇಕು,
ಸಂತೆ ಮುಗಿಸಿ ಕೈ ತೊಳೆಯದೇ ಬರುವವಳು.

'ತಂದೆಯೇ' ಎಂದೆ.
ಆಚೆ ನನ್ನದೇ ಖಾಲಿ ಕುರ್ಚಿ.
ಮುಂದಿನ ಮಾತು ಬರಲಿಲ್ಲ.
ಕಾಲು ಜೋಮು ಹಿಡಿಯುವವರೆಗೂ ಇದ್ದೆ.

ಬೆಳಿಗ್ಗೆ ಆರರ ಗಂಟೆ ನಾನೇ ಹೊಡೆದೆ.
ಹುರುಪೆಯನ್ನು ಒರೆಸಲಿಲ್ಲ.